ಗಡಿಯಾರದ ಹಂಗಿಲ್ಲದ ಹರಟೆ: ನಿಮಗಿದು ಗೊತ್ತೇ?

● 2004ರ ಫೆಬ್ರವರಿ 12ರ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತರ ಲೇಖನವೊಂದು ಅಚ್ಚಾಯಿತು. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ರೇಡಿಯೊ ನಡೆಸುವ ಈ ಹೊಸ ಹುಚ್ಚನ್ನು ಏನೆಂದು ಕರೆಯೋಣ ಎಂದು ಕೇಳುತ್ತ ಅವರು ಮೂರು ಹೆಸರು ತೇಲಿಬಿಟ್ಟಿದ್ದರು. ಅವುಗಳಲ್ಲಿ ಉಳಿದುಕೊಂಡದ್ದು ‘ಪಾಡ್‌ಕಾಸ್ಟಿಂಗ್’. ಪುಟಕ್ಕೆ ಒಂದು ಸಾಲು ಕಡಿಮೆ ಬಿದ್ದಿತ್ತು, ತುಂಬಿಸಲು ಆ ವಾಕ್ಯ ಸೇರಿಸಿದೆ ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅಂಕಣ ಬರೆಯುವವರ ಪಾಡು ಎಲ್ಲ ಊರಲ್ಲೂ ಒಂದೇ!

ಅದಾಗಿ ಎಂಟೇ ದಿನಕ್ಕೆ, ಫೆಬ್ರವರಿ 20ರಂದು, ಬಿಬಿಸಿ ರೇಡಿಯೊದಲ್ಲಿ ಪತ್ರಕರ್ತ ಅಲಿಸ್ಟೇರ್ ಕುಕ್ ಅವರ ‘ಲೆಟರ್ ಫ್ರಮ್ ಅಮೆರಿಕ’ ಕೊನೆಯ ಬಾರಿಗೆ ಪ್ರಸಾರವಾಯಿತು. 1946ರಿಂದ ವಾರಕ್ಕೊಮ್ಮೆ ಕಾಲು ಗಂಟೆ, ಒಬ್ಬ ಮನುಷ್ಯ, ಒಂದು ಮೈಕು. ಒಟ್ಟು 2,869 ಕಂತು. 95 ವರ್ಷದ ಕುಕ್ ಮರು ತಿಂಗಳೇ ತೀರಿಕೊಂಡರು. ಹಳೆಯ ಮಾತುಗಾರಿಕೆ ಮುಗಿದ ತಿಂಗಳಲ್ಲೇ ಹೊಸದಕ್ಕೆ ನಾಮಕರಣವಾಗಿದೆ. ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ.

● ಹೆಸರಿಗಿಂತ ಕೂಸು ಮೊದಲೇ ಹುಟ್ಟಿತ್ತು. 2003ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರದಲ್ಲಿ ಕ್ರಿಸ್ಟೋಫರ್ ಲೈಡನ್ ಎಂಬುವರು ಒಂದು ಸಂದರ್ಶನ ಮಾಡಿ ಅಂತರ್ಜಾಲಕ್ಕೆ ಏರಿಸಿದರು. ಲೈಡನ್ ಒಂದು ಕಾಲಕ್ಕೆ ‘ನ್ಯೂಯಾರ್ಕ್ ಟೈಮ್ಸ್’ನ ರಾಜಕೀಯ ವರದಿಗಾರ, ಬಾಸ್ಟನ್ನಿನ ಮೇಯರ್ ಚುನಾವಣೆಗೆ ನಿಂತು ಸೋತವರು, ತಾವೇ ಬೆಳೆಸಿದ ರೇಡಿಯೊ ಕಾರ್ಯಕ್ರಮದ ಒಡೆತನದ ಜಗಳದಲ್ಲಿ ಕೆಲಸ ಕಳೆದುಕೊಂಡವರು. ಮೊದಲ ಅತಿಥಿ ಡೇವ್ ವೈನರ್. ಜಾಲತಾಣದ ಹೊಸ ಬರಹಗಳನ್ನು ಓದುಗರಿಗೆ ತಾನಾಗಿ ತಲುಪಿಸುವ ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯೊಳಗೆ ಧ್ವನಿಯ ಕಡತವನ್ನೂ ಕಟ್ಟಿ ಕಳಿಸುವಂತೆ ಮಾಡಿದ ತಂತ್ರಜ್ಞ ಅವರೇ. ಅಂದರೆ ಊಟ ಬಡಿಸಿದ್ದು ಪಾತ್ರೆ ಮಾಡಿಕೊಟ್ಟವನಿಗೇ! ಈ ಆರ್‌ಎಸ್‌ಎಸ್‌ಗೆ ಮಾಲೀಕರಿಲ್ಲ. ನಿಮ್ಮ ಕಂತು ಎಲ್ಲಿಡಬೇಕು, ಯಾವ ಆ್ಯಪ್‌ನಲ್ಲಿ ಕೇಳಬೇಕು ಎಂದು ಒಬ್ಬ ದಣಿ ತೀರ್ಮಾನಿಸಲಾರ. ಪಾಡ್‌ಕಾಸ್ಟ್ ಇಷ್ಟು ವರ್ಷ ಬಾಳಿದ್ದಕ್ಕೆ ಮುಖ್ಯ ಕಾರಣ ಇದೇ ಎಂದು ನನ್ನ ಅಂದಾಜು.

● ಮೈಕಿಗೆ ಮನೆಯೇ ಸಾಕು ಎಂಬುದು ಮೈಸೂರಿಗೆ ಹಳೆಯ ಸುದ್ದಿ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಆ ಮನೆಯಿಂದ.

ಎಂಬತ್ತು ವರ್ಷದ ಮೇಲೆ, 2015ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಹಾಸ್ಯಗಾರ ಮಾರ್ಕ್ ಮ್ಯಾರನ್ ಪಾಡ್‌ಕಾಸ್ಟ್ ನಡೆಸುತ್ತಿದ್ದ ಕಾರ್ ಗ್ಯಾರೇಜಿಗೆ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಬಂದು ಕೂತರು. ಪಕ್ಕದ ಮನೆಯ ಮಾಡಿನ ಮೇಲೆ ಬಂದೂಕುಧಾರಿ ಕಾವಲು, ಒಳಗೆ ಜನಾಂಗಭೇದ, ಬಂದೂಕು ಕಾನೂನು, ಹೆಣ್ಣುಮಕ್ಕಳನ್ನು ಬೆಳೆಸಿದ ಬಗೆ. ಶ್ವೇತಭವನದ ಪತ್ರಿಕಾಗೋಷ್ಠಿಯಲ್ಲಿ ಕೇಳಲಾಗದ ಧಾಟಿಯ ಮಾತು ಅದು. ಮ್ಯಾರನ್ 2025ರ ಅಕ್ಟೋಬರ್‌ನಲ್ಲಿ ಅಂಗಡಿ ಮುಚ್ಚಿದರು. ಕೊನೆಯ ಅತಿಥಿಯೂ ಒಬಾಮಾ. ಈ ಸಲ ಮ್ಯಾರನ್ನರೇ ಅವರ ಕಚೇರಿಗೆ ಹೋದರು.

● ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, 2001ರಲ್ಲಿ. ಹಾಡು, ತಮಾಷೆ, ಟ್ರಾಫಿಕ್ ಸುದ್ದಿ ಎಲ್ಲ ಇತ್ತು, ಇಂದಿಗೂ ಇದೆ. ಆದರೆ ಭಾರತದ ಖಾಸಗಿ ಎಫ್‌ಎಂ ತನ್ನದೇ ವಾರ್ತೆ ಓದುವಂತಿಲ್ಲ, ಪ್ರಚಲಿತ ವಿದ್ಯಮಾನ ಚರ್ಚಿಸುವಂತಿಲ್ಲ. ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಹಾಕಬಹುದು. ಟಿವಿಯಲ್ಲಿ ರಾತ್ರಿಯಿಡೀ ಕಿರುಚಲು ಅನುಮತಿ ಇರುವ ದೇಶದಲ್ಲಿ ರೇಡಿಯೊಗೆ ಮಾತ್ರ ಈ ಮಡಿ ಯಾಕೆ ಎಂದು ಕೇಳಬೇಡಿ. ಗಂಟೆಗೆ ಹತ್ತು ನಿಮಿಷಕ್ಕೆ ಮೀರದಂತೆ ವಾರ್ತೆಗೆ ಅವಕಾಶ ಕೊಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಶಿಫಾರಸು ಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಪಾಡ್‌ಕಾಸ್ಟಿಗೆ ಪ್ರಸಾರದ ಪರವಾನಗಿಯೇ ಬೇಡ. ಬಜೆಟ್, ಚುನಾವಣೆ, ಕೋರ್ಟು ತೀರ್ಪುಗಳ ಮೇಲಿನ ನಮ್ಮ ಮಾತುಕತೆ ರೇಡಿಯೊ ಹತ್ತದೆ ಸೀದಾ ಫೋನಿಗೆ ಬಂದದ್ದಕ್ಕೆ ಇದೂ ಒಂದು ಕಾರಣ.

● ಅರ್ಥಶಾಸ್ತ್ರ ಎಂದರೆ ಆಕಳಿಕೆ ಬರುತ್ತದೆಯೇ? ‘ಪ್ಲಾನೆಟ್ ಮನಿ’ ಕೇಳಿಲ್ಲ ಎಂದಾಯಿತು.

2008ರ ಮೇ ತಿಂಗಳಲ್ಲಿ ಅಮೆರಿಕದ ‘ದಿಸ್ ಅಮೆರಿಕನ್ ಲೈಫ್’ ಎಂಬ ರೇಡಿಯೊ ಕಾರ್ಯಕ್ರಮ ಒಂದು ಗಂಟೆಯ ಕಂತು ಪ್ರಸಾರ ಮಾಡಿತು. ಆದಾಯಕ್ಕೆ ಪುರಾವೆಯೇ ಇಲ್ಲದವರಿಗೆ ಬ್ಯಾಂಕುಗಳು ಮನೆಸಾಲ ಕೊಟ್ಟದ್ದೇಕೆ ಎಂಬುದು ಪ್ರಶ್ನೆ. ಅಲೆಕ್ಸ್ ಬ್ಲೂಮ್‌ಬರ್ಗ್, ಆ್ಯಡಮ್ ಡೇವಿಡ್ಸನ್ ಇಬ್ಬರೂ ಸಾಲಗಾರನಿಂದ ಶುರು ಮಾಡಿ ದಲ್ಲಾಳಿ, ಬ್ಯಾಂಕು, ವಾಲ್ ಸ್ಟ್ರೀಟ್ ಎಂದು ಒಂದೊಂದೇ ಕೊಂಡಿ ಹಿಡಿದು ಹೋದರು. ತುದಿಯಲ್ಲಿ ಸಿಕ್ಕಿದ್ದು ಜಗತ್ತಿನ ಉಳಿತಾಯದ ಸುಮಾರು 70 ಟ್ರಿಲಿಯನ್ ಡಾಲರ್. ಎಲ್ಲಿ ಹಾಕಿದರೆ ನಾಲ್ಕು ಕಾಸು ಹೆಚ್ಚು ಬಡ್ಡಿ ಬರುತ್ತದೆ ಎಂದು ಹುಡುಕುತ್ತ ಅಲೆಯುತ್ತಿದ್ದ ದುಡ್ಡು. ಆ ಕಂತು ಹಿಡಿಸಿದ ರುಚಿಯಿಂದ ಹುಟ್ಟಿದ್ದು ‘ಪ್ಲಾನೆಟ್ ಮನಿ’. ಅದು ಶುರುವಾದದ್ದು ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ವಾಲ್ ಸ್ಟ್ರೀಟಿನ ಬ್ಯಾಂಕು ಲೀಮನ್ ಬ್ರದರ್ಸ್ ಮುಳುಗಿದ್ದು ಸೆಪ್ಟೆಂಬರ್ 15ಕ್ಕೆ. ಇಂಥ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗದು.

ಈ ಮಂದಿಗೆ ವಿವರಿಸಿ ಸುಮ್ಮನಾಗುವ ಜಾಯಮಾನವಿಲ್ಲ, ಕೈಯಿಂದ ದುಡ್ಡು ಹಾಕಿ ನೋಡಬೇಕು. 2010ರಲ್ಲಿ ಸಿಬ್ಬಂದಿಯೇ ಒಟ್ಟುಗೂಡಿ 1,000 ಡಾಲರ್ ಕೊಟ್ಟು ಕೆಟ್ಟ ಮನೆಸಾಲಗಳ ಗಂಟಿನಲ್ಲಿ ಒಂದು ಚೂರು ಖರೀದಿಸಿದರು. ಅದಕ್ಕೆ ‘ಟಾಕ್ಸಿ’ ಎಂದು ಮುದ್ದಿನ ಹೆಸರು ಬೇರೆ! ಸಾಲಗಾರರು ಕಂತು ಕಟ್ಟಿದಾಗಲೆಲ್ಲ ಚಿಲ್ಲರೆ ಬರುತ್ತಿತ್ತು. ಆ ವರ್ಷ ಮುಗಿಯುವುದರೊಳಗೆ ‘ಟಾಕ್ಸಿ’ ಸತ್ತಿತು, ವಾಪಸು ಬಂದದ್ದು ಹಾಕಿದ್ದರ ಅರ್ಧಕ್ಕೂ ಕಡಿಮೆ. 2016ರಲ್ಲಿ ಕಾನ್ಸಾಸ್‌ನಲ್ಲಿ 100 ಬ್ಯಾರೆಲ್ ಕಚ್ಚಾತೈಲ ಕೊಂಡು ಅದು ಬಂಕಿನವರೆಗೆ ಹೇಗೆ ತಲುಪುತ್ತದೆ ಎಂದು ಹಿಂಬಾಲಿಸಿದರು.

ಎಲ್ಲಕ್ಕಿಂತ ದೊಡ್ಡದು 2013ರ ಟೀ-ಶರ್ಟ್. ಕೇಳುಗರಿಂದಲೇ ಮುಂಗಡ ಎತ್ತಿ ಒಂದು ಅಂಗಿ ಹೊಲಿಸಿದರು. ಮಿಸಿಸಿಪ್ಪಿಯ ಹತ್ತಿ, ಇಂಡೊನೇಷ್ಯಾದ ನೂಲು. ಗಂಡಸರ ಅಂಗಿ ಬಾಂಗ್ಲಾದೇಶದಲ್ಲಿ, ಹೆಂಗಸರದು ಕೊಲಂಬಿಯಾದಲ್ಲಿ ಹೊಲಿಗೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಢಾಕಾದ ಹೊರವಲಯದ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಿದ್ದರು. ಹಾಗಾಗಿ ಅಂಗಿಯ ಬೆಲೆಯಲ್ಲಿ ಹೊಲಿದವಳ ಪಾಲೆಷ್ಟು ಎಂಬ ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ. ತೊಟ್ಟು ಬಿಸಾಡಿದ ಅಂಗಿಗಳು ಕೀನ್ಯಾದ ಹಳೆಬಟ್ಟೆ ಸಂತೆ ಸೇರುವವರೆಗೂ ಇವರು ಬೆನ್ನು ಬಿಡಲಿಲ್ಲ. ಪಠ್ಯಪುಸ್ತಕದ ‘ಅಂತರರಾಷ್ಟ್ರೀಯ ವ್ಯಾಪಾರ’ ಅಧ್ಯಾಯಕ್ಕಿಂತ ನನಗೆ ಆ ಅಂಗಿ ಮೇಲು.

● ಅದೇ ಬ್ಲೂಮ್‌ಬರ್ಗ್ 2014ರಲ್ಲಿ ‘ಗಿಮ್ಲೆಟ್’ ಎಂಬ ಪಾಡ್‌ಕಾಸ್ಟ್ ಕಂಪನಿ ಕಟ್ಟಿದರು. ಕಂಪನಿಯ ಮೊದಲ ಕಾರ್ಯಕ್ರಮವೇ ‘ಈ ಕಂಪನಿ ಕಟ್ಟುತ್ತಿರುವ ಕಥೆ’. ಹೂಡಿಕೆದಾರನ ಮುಂದೆ ತಡವರಿಸಿದ್ದನ್ನೂ ಬಿಡದೆ ಕೇಳಿಸಿದರು. 2019ರಲ್ಲಿ ಸ್ಪಾಟಿಫೈ ಸುಮಾರು 23 ಕೋಟಿ ಡಾಲರಿಗೆ ಅದನ್ನು ಕೊಂಡಿತು, 2023ರಲ್ಲಿ ಕೆಲಸಗಾರರನ್ನು ಕಡಿಮೆ ಮಾಡಿ ಇನ್ನೊಂದು ಘಟಕದೊಳಗೆ ಕರಗಿಸಿತು. ಮನೆಬೆಲೆಯ ಗುಳ್ಳೆ ಒಡೆದದ್ದನ್ನು ಜಗತ್ತಿಗೆ ಬಿಡಿಸಿ ಹೇಳಿದವರೂ ಗುಳ್ಳೆಯ ಹೊರಗಿರಲಿಲ್ಲ.

● ಬಾಯಿಬಿಟ್ಟರೆ ಬಣ್ಣಗೇಡು ಎಂಬುದಕ್ಕೆ ಪಾಡ್‌ಕಾಸ್ಟ್ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. 2022ರ ಏಪ್ರಿಲ್, ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ (ಮೇಲಿನ ಅಲೆಕ್ಸ್‌ಗೂ ಇದಕ್ಕೂ ನಂಟಿಲ್ಲ) ‘ಆಡ್ ಲಾಟ್ಸ್’. ಅತಿಥಿ ಕ್ರಿಪ್ಟೊ ವಿನಿಮಯ ಕೇಂದ್ರ ಎಫ್‌ಟಿಎಕ್ಸ್‌ನ ಸ್ಯಾಮ್ ಬ್ಯಾಂಕ್‌ಮನ್-ಫ್ರೀಡ್. ‘ಯೀಲ್ಡ್ ಫಾರ್ಮಿಂಗ್’ ಎಂದರೇನು ಎಂದು ಅಂಕಣಕಾರ ಮ್ಯಾಟ್ ಲೆವಿನ್ ಕೇಳಿದರು. ಸ್ಯಾಮ್ ಹುರುಪಿನಿಂದ ವಿವರಿಸಿದರು: ಒಂದು ಡಬ್ಬ ಇದೆ ಅಂದುಕೊಳ್ಳಿ, ಅದು ಏನೂ ಮಾಡುವುದಿಲ್ಲ, ಅದರೊಳಗೆ ದುಡ್ಡು ಹಾಕಿದವರಿಗೆ ಒಂದು ಟೋಕನ್ ಸಿಗುತ್ತದೆ, ಜನ ಹಾಕುತ್ತಾರೆಂದು ಟೋಕನ್ನಿನ ಬೆಲೆ ಏರುತ್ತದೆ, ಬೆಲೆ ಏರಿತೆಂದು ಇನ್ನಷ್ಟು ಜನ ಹಾಕುತ್ತಾರೆ. ನೀವು ಪೊಂಜಿ ದಂಧೆಯಲ್ಲಿದ್ದೀರಿ ಎಂದು ನೀವೇ ಹೇಳಿದಂತಾಯಿತಲ್ಲ ಎಂದರು ಲೆವಿನ್. ಸ್ಯಾಮ್ ಸಿಟ್ಟಾಗಲಿಲ್ಲ, ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂಬಂತೆ ಒಪ್ಪಿಕೊಂಡರು!

ಏಳು ತಿಂಗಳಿಗೆ, ನವೆಂಬರ್ 11ಕ್ಕೆ, ಎಫ್‌ಟಿಎಕ್ಸ್ ದಿವಾಳಿ. 2024ರ ಮಾರ್ಚ್‌ನಲ್ಲಿ ಸ್ಯಾಮ್‌ಗೆ 25 ವರ್ಷ ಜೈಲು. ಟಿವಿಯ ಮೂರು ನಿಮಿಷದ ತುಣುಕಿನಲ್ಲಿ ಈ ಡಬ್ಬದ ಮುಚ್ಚಳ ತೆಗೆಯುವಷ್ಟು ಹೊತ್ತೇ ಇರುತ್ತಿರಲಿಲ್ಲ.

● ಅರ್ಥಶಾಸ್ತ್ರಜ್ಞ ರಸ್ ರಾಬರ್ಟ್ಸ್ ಅವರ ಸಂದರ್ಶನ ಪಾಡ್‌ಕಾಸ್ಟ್ ‘ಈಕಾನ್‌ಟಾಕ್’ 2006ರಿಂದ ಸೋಮವಾರ ಸೋಮವಾರ ಬರುತ್ತಿದೆ. ಆ ವರ್ಷವೇ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಎರಡು ಕಂತು ಮಾತಾಡಿದರು, ನವೆಂಬರ್‌ನಲ್ಲಿ ತೀರಿಕೊಂಡರು. 2012ರಲ್ಲಿ ರೊನಾಲ್ಡ್ ಕೋಸ್ ಬಂದಾಗ ಅವರಿಗೆ 101 ವರ್ಷ. ಕಂಪನಿಗಳು ಯಾಕಾದರೂ ಇವೆ ಎಂಬ ಪ್ರಶ್ನೆಯನ್ನು 1937ರಲ್ಲೇ ಎತ್ತಿ, ಅದರ ಫಲವಾಗಿ 1991ರಲ್ಲಿ ನೊಬೆಲ್ ಪಡೆದವರು. ಇಂದಿನ ಅರ್ಥಶಾಸ್ತ್ರಜ್ಞರು ನಿಜವಾದ ಮಾರುಕಟ್ಟೆಯನ್ನು ನೋಡದೆ ಕರಿಹಲಗೆಯ ಮೇಲೆ ಕಾಲ ಕಳೆಯುತ್ತಾರೆ ಎಂಬ ಹಳೆಯ ತಕರಾರು ಆ ವಯಸ್ಸಿನಲ್ಲೂ ಮೊಂಡಾಗಿರಲಿಲ್ಲ.

● ಇದೇ ರಾಬರ್ಟ್ಸ್ 2010ರಲ್ಲಿ ಅರ್ಥಶಾಸ್ತ್ರದ ಹಳೆಯ ಎದುರಾಳಿಗಳಾದ ಕೇನ್ಸ್ ಮತ್ತು ಹಾಯೆಕ್ ಪಾತ್ರಗಳೆರಡನ್ನೂ ರ್‍ಯಾಪ್ ಹಾಡಿಸಿ ವಿಡಿಯೊ ಮಾಡಿದ ತಂಡದಲ್ಲೂ ಇದ್ದರು. ಇಂಥದ್ದೊಂದು ನಮ್ಮಲ್ಲಿ ಯಕ್ಷಗಾನದ ಅರ್ಥಗಾರಿಕೆಯಲ್ಲಿ ಬಂದರೆ ನೋಡಲು ನಾನು ಮುಂದಿನ ಸಾಲಿನಲ್ಲಿ!

● ಬ್ರಿಟನ್ನಿನ ‘ಮೋರ್ ಆರ್ ಲೆಸ್’ ಕಾರ್ಯಕ್ರಮದ ಕಸುಬು ಒಂದೇ: ವಾರದ ಸುದ್ದಿಯಲ್ಲಿ ಬಂದ ಅಂಕಿ ಸರಿಯೋ ತಪ್ಪೋ ನೋಡುವುದು. ಅದರ ಮೊದಲ ನಿರೂಪಕ ಆ್ಯಂಡ್ರೂ ಡಿಲ್‌ನಾಟ್ ಮುಂದೆ ಆ ದೇಶದ ಅಂಕಿಅಂಶ ಪ್ರಾಧಿಕಾರಕ್ಕೇ ಅಧ್ಯಕ್ಷರಾದರು.

● 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಅವರಿಗೆ ಬ್ರಿಟನ್ನಿನ ಮೇಲ್ಮನೆಯ ಸದಸ್ಯತ್ವ ಸಿಕ್ಕಿತು, ಲೇಬರ್ ಪಕ್ಷದಿಂದ. ಪಕ್ಷದವರಾದ ಮೇಲೆ ಬಿಬಿಸಿ ರೇಡಿಯೊದಲ್ಲಿ ಅವರು ನಡೆಸುತ್ತಿದ್ದ ಸೋಮವಾರದ ಜನಪ್ರಿಯ ಹರಟೆ ಮುಂದುವರಿಸುವಂತಿಲ್ಲ ಎಂದಾಯಿತು. ಬದಲಿಗೆ ಕೊಟ್ಟದ್ದು ಗುರುವಾರ ಬೆಳಗಿನ ಒಂದು ಹೊತ್ತು, ಕಾರ್ಯಕ್ರಮಗಳ ಸ್ಮಶಾನ ಎಂದೇ ಹೆಸರಾದದ್ದು. ಆರು ತಿಂಗಳ ಕರಾರು. ಹೇಗೂ ಯಾರೂ ಕೇಳುವುದಿಲ್ಲವಲ್ಲ, ನನಗೆ ಇಷ್ಟವಾದದ್ದು ಮಾಡುತ್ತೇನೆ ಎಂದುಕೊಂಡು ಅವರು ಪ್ರಾಧ್ಯಾಪಕರನ್ನು ಕೂರಿಸಿಕೊಂಡು ಶುರು ಮಾಡಿದ್ದು ‘ಇನ್ ಅವರ್ ಟೈಮ್’. ಶೂನ್ಯದ ಇತಿಹಾಸ, ಬುದ್ಧ, ಪ್ಲೇಗ್, ಕಪ್ಪುಕುಳಿ, ಏನಾದರೂ ಸರಿ. ಆರು ತಿಂಗಳು ಹೋಗಿ 27 ವರ್ಷವಾಯಿತು, ಸಾವಿರ ಕಂತು ದಾಟಿತು. 2025ರಲ್ಲಿ 85ರ ವಯಸ್ಸಿನಲ್ಲಿ ಅವರು ಕುರ್ಚಿ ಬಿಟ್ಟರು.

ಅದರ ಪಾಡ್‌ಕಾಸ್ಟ್ ರೂಪದಲ್ಲಿ ರೇಡಿಯೊದಲ್ಲಿ ಇಲ್ಲದ ಬಾಲವೊಂದಿದೆ. ಪ್ರಸಾರದ ಹೊತ್ತು ಮುಗಿದ ಮೇಲೂ ಧ್ವನಿಮುದ್ರಣ ನಿಲ್ಲಿಸುವುದಿಲ್ಲ. ಏನು ಬಿಟ್ಟುಹೋಯಿತು ಎಂದು ಬ್ರ್ಯಾಗ್ ಕೇಳುತ್ತಿದ್ದರು. ಅದುವರೆಗೆ ಬಿಗಿಯಾಗಿ ಕೂತಿದ್ದ ಪ್ರಾಧ್ಯಾಪಕರು ಆಗ ಬಾಯ್ತುಂಬ ಮಾತಾಡುತ್ತಾರೆ, ಪರಸ್ಪರ ಕಾಲೆಳೆಯುತ್ತಾರೆ, ಕೊನೆಗೆ ನಿರ್ಮಾಪಕರು ಬಂದು ಚಹಾವೋ ಕಾಫಿಯೋ ಎಂದು ಕೇಳುವುದೂ ಕಡತದಲ್ಲಿ ಉಳಿಯುತ್ತದೆ. ಎಷ್ಟೋ ಸಲ ಈ ಬಾಲವೇ ಇಡೀ ಕಂತಿಗಿಂತ ಚೆನ್ನಾಗಿರುತ್ತದೆ.

● ಬಾಲವನ್ನೇ ಮೈ ಮಾಡಿಕೊಂಡವರು ನಮ್ಮ ದೇಶದ ಅಮಿತ್ ವರ್ಮಾ. ಅವರ ಪಾಡ್‌ಕಾಸ್ಟ್ ‘ದಿ ಸೀನ್ ಆ್ಯಂಡ್ ದಿ ಅನ್‌ಸೀನ್’ 2017ರಲ್ಲಿ ಆರಂಭವಾದಾಗ ಕಂತಿಗೆ ಇಪ್ಪತ್ತು ನಿಮಿಷದ ಆಸುಪಾಸು. ಹೆಸರು ಬಂದದ್ದು ಫ್ರೆಡರಿಕ್ ಬಾಸ್ಟಿಯಾ ಎಂಬ ಫ್ರೆಂಚ್ ಚಿಂತಕರ 1850ರ ಪ್ರಬಂಧದಿಂದ: ಸರ್ಕಾರದ ಒಂದು ನಿರ್ಧಾರದ ಫಲ ಕಣ್ಣಿಗೆ ಕಾಣುತ್ತದೆ, ತೆರಬೇಕಾದ ಬೆಲೆ ಕಾಣುವುದಿಲ್ಲ ಎಂಬ ವಾದ. ವಿಷಯ ಬೆಳೆಯುತ್ತ ಹೋದಂತೆ ಕಂತೂ ಬೆಳೆದು ಮೂರು ಗಂಟೆ, ಐದು ಗಂಟೆ, ಅದಕ್ಕೂ ಮೇಲೆ ಹೋಯಿತು. ಅತಿಥಿಯ ಬಾಲ್ಯ, ಅಪ್ಪನ ಪುಸ್ತಕದ ಕಪಾಟು ಮುಗಿಸಿ ಅವರ ಹೊಸ ಪುಸ್ತಕಕ್ಕೆ ಬರುವ ಹೊತ್ತಿಗೆ ಬೆಂಗಳೂರಿನಿಂದ ಹೊರಟ ಬಸ್ಸು ಹಾಸನ ದಾಟಿರುತ್ತದೆ. ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಅಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೂತಿದ್ದಾರೆ. ಚಿಕ್ಕದು ಮಾಡಿದರೆ ಕೇಳುಗರು ಬರುತ್ತಾರೆ ಎಂಬ ಮಾಧ್ಯಮದವರ ನಂಬಿಕೆಗೆ ಈ ಮನುಷ್ಯ ಕೊಟ್ಟ ಪೆಟ್ಟು ಸಣ್ಣದಲ್ಲ. ಆದರೂ ಕೆಲವು ಕಂತಿಗೆ ಕತ್ತರಿ ಹಿಡಿಯುವ ಒಬ್ಬ ಸಂಪಾದಕ ಇದ್ದಿದ್ದರೆ ಎಂದು ಅನ್ನಿಸುವುದುಂಟು.

● ಹೊಸ ಪುಸ್ತಕಗಳ ವಿಷಯಕ್ಕೆ ಬಂದರೆ ಇತಿಹಾಸಕಾರ ಮಾರ್ಷಲ್ ಪೋ 2007ರಲ್ಲಿ ತಮ್ಮ ಕ್ಷೇತ್ರದ ಹೊಸ ಪುಸ್ತಕಗಳ ಲೇಖಕರನ್ನು ಮಾತಾಡಿಸಲು ತೊಡಗಿದರು. ಅದೇ ಬೆಳೆದು ‘ನ್ಯೂ ಬುಕ್ಸ್ ನೆಟ್‌ವರ್ಕ್’ ಆಗಿ, ಈಗ ನೂರಕ್ಕೂ ಹೆಚ್ಚು ವಿಷಯಗಳಿಗೆ ಬೇರೆ ಬೇರೆ ವಾಹಿನಿ, ದಕ್ಷಿಣ ಏಷ್ಯಾಕ್ಕೂ ಒಂದು. ನಿರೂಪಕರಲ್ಲಿ ಬಹುಪಾಲು ಪ್ರಾಧ್ಯಾಪಕರು. ಮುನ್ನೂರು ಜನ ಮಾತ್ರ ಕೊಳ್ಳುವಂಥ ಸಂಶೋಧನಾ ಗ್ರಂಥದ ಲೇಖಕರಿಗೂ ಇಲ್ಲಿ ಒಂದು ಗಂಟೆ ಮರ್ಯಾದೆ.

● ಲಂಡನ್ನಿನ ‘ಬ್ಯಾಕ್‌ಲಿಸ್ಟೆಡ್’ ಇದಕ್ಕೆ ತದ್ವಿರುದ್ಧ. 2015ರಿಂದ ಅಲ್ಲಿ ಹಳೆಯ ಪುಸ್ತಕಗಳದ್ದೇ ಮಾತು.

● ‘ನ್ಯೂಯಾರ್ಕರ್’ ಪತ್ರಿಕೆಯ ಕಥಾ ಪಾಡ್‌ಕಾಸ್ಟ್‌ಗೆ ಸೊಗಸಾದ ನಿಯಮವಿದೆ. ಕರೆಸಿಕೊಂಡ ಕಥೆಗಾರರು ತಮ್ಮ ಕಥೆ ಓದುವಂತಿಲ್ಲ. ಪತ್ರಿಕೆಯ ಹಳೆಯ ಸಂಚಿಕೆಗಳಿಂದ ಬೇರೊಬ್ಬರ ಕಥೆ ಆರಿಸಿ, ಓದಿ, ಸಂಪಾದಕಿ ಡೆಬೊರಾ ಟ್ರೀಸ್‌ಮನ್ ಜೊತೆ ಚರ್ಚಿಸಬೇಕು. ನಮ್ಮ ಸಾಹಿತ್ಯ ಸಮ್ಮೇಳನಗಳ ಗೋಷ್ಠಿಗಳಲ್ಲಿ ಈ ನಿಯಮ ತಂದರೆ ಎಷ್ಟು ಜನ ವೇದಿಕೆ ಹತ್ತುತ್ತಾರೋ ನೋಡಬೇಕು.

● 1986ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು, ಒಟ್ಟು ಆರು, ಹೊಡೆದ ಗ್ಯಾರಿ ಲಿನೆಕರ್ ನೆನಪಿದ್ದಾರೆಯೇ? ಅವರು ಸಹಸಂಸ್ಥಾಪಕರಾಗಿದ್ದ ‘ಗೋಲ್‌ಹ್ಯಾಂಗರ್’ ಸಂಸ್ಥೆಯೇ ಇತಿಹಾಸದ, ರಾಜಕೀಯದ, ಹಣಕಾಸಿನ ‘ದಿ ರೆಸ್ಟ್ ಈಸ್…’ ಸರಣಿಗಳನ್ನು ಹೊರತರುವುದು. ರಾಜಕೀಯದ ಸರಣಿಯಲ್ಲಿ ಲೇಬರ್ ಪ್ರಧಾನಿ ಟೋನಿ ಬ್ಲೇರ್ ಅವರ ವಕ್ತಾರರಾಗಿದ್ದ ಅಲಸ್ಟೇರ್ ಕ್ಯಾಂಬೆಲ್, ಕನ್ಸರ್ವೇಟಿವ್ ಸಚಿವರಾಗಿದ್ದ ರೋರಿ ಸ್ಟುವರ್ಟ್ ಎದುರುಬದುರು. ಅದೇ ಸಂಸ್ಥೆಯ ‘ಎಂಪೈರ್’ 2022ರಲ್ಲಿ ಮೊದಲು ಕೈಗೆತ್ತಿಕೊಂಡದ್ದು ಈಸ್ಟ್ ಇಂಡಿಯಾ ಕಂಪನಿಯಿಂದ ಶುರುವಾಗುವ ನಮ್ಮ ಕಥೆಯನ್ನು. ವಿಲಿಯಂ ಡಾಲ್‌ರಿಂಪಲ್, ಅನಿತಾ ಆನಂದ್ ಜೋಡಿ ಅದಕ್ಕೆ ಮೊದಲೇ ಕೊಹಿನೂರ್ ವಜ್ರದ ಬಗ್ಗೆ ಒಟ್ಟಿಗೆ ಪುಸ್ತಕ ಬರೆದಿತ್ತು.

● ಪ್ರಧಾನಿ ನರೇಂದ್ರ ಮೋದಿ ತಮ್ಮ ಮೊದಲ ಪಾಡ್‌ಕಾಸ್ಟ್‌ಗೆ ಕೂತದ್ದು 2025ರ ಜನವರಿಯಲ್ಲಿ, ಬೆಂಗಳೂರಿನ ಝೆರೋಧಾ ಕಂಪನಿಯ ಸಹಸಂಸ್ಥಾಪಕ ನಿಖಿಲ್ ಕಾಮತ್ ಎದುರು. ಮಾರ್ಚ್‌ನಲ್ಲಿ ಅಮೆರಿಕದ ಲೆಕ್ಸ್ ಫ್ರೀಡ್‌ಮನ್ ಜೊತೆ ಮೂರು ಗಂಟೆಗೂ ಮೀರಿ ಮಾತಾಡಿದರು. ಅದಕ್ಕೆ ಮುನ್ನ ಫ್ರೀಡ್‌ಮನ್ ಸುಮಾರು 45 ಗಂಟೆ ಉಪವಾಸವಿದ್ದರು. 2024ರ ಅಮೆರಿಕದ ಚುನಾವಣೆಗೆ ಮುಂಚೆ ಡೊನಾಲ್ಡ್ ಟ್ರಂಪ್ ಪಾಡ್‌ಕಾಸ್ಟ್ ನಿರೂಪಕ ಜೋ ರೋಗನ್ ಜೊತೆ ಮೂರು ಗಂಟೆಯ ಹತ್ತಿರ ಕೂತಿದ್ದರು. ನಾಯಕರಿಗೆ ಈ ಉದ್ದ ಇಷ್ಟವಾಗಲು ಬೇರೆ ಕಾರಣವೂ ಇದೆ: ಇಲ್ಲಿ ಮರುಪ್ರಶ್ನೆ ಹಾಕುವ ಪತ್ರಕರ್ತ ಎದುರಿಗಿರಬೇಕೆಂದಿಲ್ಲ. ಗಡಿಯಾರ ಹೋದರೆ ಸಾಲದು, ಕೇಳುವ ಛಾತಿಯೂ ಬೇಕು.

● ಕನ್ನಡದಲ್ಲಿ? ‘ತಲೆ-ಹರಟೆ’ 2018ರಲ್ಲಿ ಶುರುವಾಯಿತು. ನಗರದ ನೀರು, ನ್ಯಾಯಾಂಗ, ವಿಜ್ಞಾನ, ಸಿನಿಮಾ, ಎಲ್ಲವೂ ಬೆಂಗಳೂರಿನ ಮನೆಮಾತಿನ ಧಾಟಿಯಲ್ಲೇ. ಅದನ್ನು ಹೊರತಂದ ಮುಂಬೈನ ಐವಿಎಂ ಸಂಸ್ಥೆಯನ್ನು 2020ರಲ್ಲಿ ಕೊಂಡದ್ದು ಬೆಂಗಳೂರಿನ ‘ಪ್ರತಿಲಿಪಿ’. ನಗರದ ತಕ್ಷಶಿಲಾ ಸಂಸ್ಥೆ ‘ಆಲ್ ಥಿಂಗ್ಸ್ ಪಾಲಿಸಿ’ ನಡೆಸುತ್ತದೆ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗೂ ತನ್ನದೊಂದು ಪಾಡ್‌ಕಾಸ್ಟ್ ಇದೆ, ಎರಡೂ ಇಂಗ್ಲಿಷಿನಲ್ಲಿ. ನೀತಿಯ ಮಾತು ನಡೆಯುವ ಊರು ನಮ್ಮದು, ಭಾಷೆ ಮಾತ್ರ ಹೆಚ್ಚಾಗಿ ನಮ್ಮದಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಎರಡು ಗಂಟೆ ಅಡಿಕೆ ದರ ಚರ್ಚಿಸಬಲ್ಲ ಜನರ ಮುಂದೆ ಒಂದು ಮೈಕ್ ಇಡುವುದಷ್ಟೇ ಬಾಕಿ.

● ಪಾಡ್‌ಕಾಸ್ಟ್ ತನ್ನ ಸ್ವತ್ತು ಎಂದು ಒಂದು ಕಂಪನಿ ಕೋರ್ಟಿಗೂ ಹೋಗಿತ್ತು! ಅಮೆರಿಕದ ‘ಪರ್ಸನಲ್ ಆಡಿಯೊ’ 1990ರ ದಶಕದಲ್ಲಿ ಪತ್ರಿಕಾ ಲೇಖನಗಳನ್ನು ಕ್ಯಾಸೆಟ್‌ಗೆ ಓದಿಸಿ ಮಾರಲು ಹೋಗಿ ಕೈಸುಟ್ಟುಕೊಂಡಿತ್ತು. ಆ ಕಾಲದ ಪೇಟೆಂಟ್ ಬೇರಿನಿಂದಲೇ 2013ರಲ್ಲಿ ಹಾಸ್ಯಗಾರ ಆ್ಯಡಮ್ ಕರೋಲಾ ಮುಂತಾದವರ ಮೇಲೆ ದಾವೆ ಹೂಡಿತು. ಎದುರಿಸಲು ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 30 ಸಾವಿರ ಡಾಲರ್ ಚಂದಾ ಕೇಳಿದರೆ ಅದರ ಎರಡು ಪಟ್ಟಿಗೂ ಹೆಚ್ಚು ಬಂತು. 2015ರಲ್ಲಿ ಪೇಟೆಂಟ್ ಬಿದ್ದುಹೋಯಿತು.

ಇದೆಲ್ಲ ನಿಮಗಿಂತ ಮೊದಲೇ ಇತ್ತು ಎಂದು ತೋರಿಸಲು ಫೌಂಡೇಷನ್ ಮುಂದಿಟ್ಟ ಸಾಕ್ಷ್ಯಗಳಲ್ಲಿ ಒಂದು, ಕಾರ್ಲ್ ಮಲಮೂದ್ 1993ರಲ್ಲಿ ಇಂಟರ್‌ನೆಟ್‌ನಲ್ಲಿ ನಡೆಸಿದ ‘ಗೀಕ್ ಆಫ್ ದಿ ವೀಕ್’ ಎಂಬ ಸಂದರ್ಶನ ಸರಣಿ. ಆಗಿನ ಮೋಡೆಮ್‌ನಲ್ಲಿ ಅರ್ಧ ಗಂಟೆಯ ಮಾತು ಇಳಿಸಿಕೊಳ್ಳಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಾಯಬೇಕಿತ್ತು. ಇದೇ ಮಲಮೂದ್ ಕೈಜೋಡಿಸಿದ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗ ಬೆಂಗಳೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಏರಿಸುತ್ತ ಬಂದಿದೆ. ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಂಡು ಓದಬಹುದು.